ಬಿಡು ಎನ್ನುವ ತನಕ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಶಿವಸಂಗಪ್ಪನ ಮನೆ ಅಂದರೆ ಎರಡು ಕುಣಿಮಗ್ಗ, ಅವುಗಳ ನಡುವೆ ಉಳಿದಷ್ಟು ಜಾಗ. ಉಣ್ಣುವುದು, ಮಲಗುವುದು, ಬಂದವರನ್ನು ಕೂಡಿಸುವುದು ಎಲ್ಲ ಆ ಉಳಿದ ಜಾಗದಲ್ಲೇ. ಆ ಮನೆಯ ಹಿರಿಮಗಳು ಚೇತನಾ. ಅವಳಿಗೆ ಮಾತು ಬರುವ ಮೊದಲೇ ಜ್ವರ ಬಂದು ಎಡಗಾಲು ಒಣಗಿತು. ಬೇರೆ ಮನೆಯಲ್ಲಾಗಿದ್ದರೆ ಅದು ನಡಿಗೆಯ ಕಷ್ಟ. ಇಲ್ಲಿ ರೊಟ್ಟಿಯ ಕಷ್ಟವಾಯಿತು. ಕುಣಿಯೊಳಗೆ ಕಾಲು ಇಳಿಬಿಟ್ಟು ಎರಡೂ ಹಲಗೆ ತುಳಿಯಲಾರದವರು ನೇಯಲಾರರು. ನೇಯಲಾರದವರು ಕಡೆಗೆ ಉಣ್ಣಬೇಕು ಎಂದು ಯಾರೂ ಹೇಳಿರಲಿಲ್ಲ. ತಾಯಿ ಮುತ್ತವ್ವ ಮೊದಲು ಗಂಡನಿಗೆ ಬಡಿಸುತ್ತಿದ್ದಳು, ಆಮೇಲೆ ಎರಡನೆಯ ಮಗ್ಗಕ್ಕೆ ಕೂರುವ ಕಿರಿಮಗಳು ಶ್ರುತಿಗೆ, ಆಮೇಲೆ ತನಗೆ. ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಚೇತನಾಳ ಕಡೆ ಸರಿಸುತ್ತಿದ್ದಳು.

"ನೀ ಏನ್ ತುಳದು ದಣದಿ, ಹಸಿವಿ ಆಗಾಕ?" ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ಉಪ್ಪು ಸರಿಸಿದಷ್ಟೇ ಸಹಜವಾಗಿ.

ಆ ಮನೆಯಲ್ಲಿ ಚೇತನಾಳಿಗೆ ಸಿಕ್ಕ ಕೆಲಸ ಹಿಡಿಯುವುದು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಚಾಚಿದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳ ತುದಿಯ ಕುಣಿಕೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಎರಡನ್ನೂ ಕೂಡಿಸುತ್ತಾರೆ. ಒಬ್ಬರು ಕುಣಿಕೆ ಬಿಚ್ಚದಂತೆ ಹಿಡಿಯಬೇಕು, ಇನ್ನೊಬ್ಬರು ಅದರೊಳಗೆ ಎಳೆ ತೂರಿಸಬೇಕು. ತೂರಿಸಿದವರು "ಬಿಡು" ಎನ್ನುವ ತನಕ ಹಿಡಿದವರು ಬಿಡುವಂತಿಲ್ಲ. ತೂರಿಸಿದವರು ಸುಮ್ಮನಿದ್ದರೆ ಇನ್ನೂ ಹಿಡಿ ಎಂದೇ ಅರ್ಥ. ಒಮ್ಮೆ ಶಿವಸಂಗಪ್ಪ ನಡುವೆಯೇ ಎದ್ದು, ಬಾಗಿಲಿಗೆ ಬಂದವರ ಜೊತೆ ಮಾತಾಡುತ್ತ ಹಾಗೇ ಬಜಾರಿಗೆ ಹೋಗಿಬಿಟ್ಟ. ಅವನು ಮರಳಿ ಬರುವ ಹೊತ್ತಿಗೆ ಹುಡುಗಿ ಕೂತಲ್ಲೇ ಉಚ್ಚೆ ಮಾಡಿಕೊಂಡಿದ್ದಳು. ಕುಣಿಕೆ ಬಿಟ್ಟಿರಲಿಲ್ಲ. ನೆಲ ಹೊಲಸು ಮಾಡಿದ್ದಕ್ಕೆ ಮುತ್ತವ್ವ ಬೆನ್ನಿಗೆ ಬಡಿದಳು. ಶಿವಸಂಗಪ್ಪ ಹಾಸನ್ನು ಬಗ್ಗಿ ನೋಡಿ, "ಒಂದೂ ಬಿಟ್ಟಿಲ್ಲ" ಎಂದ. ಅಪ್ಪನಿಂದ ಅವಳು ಕೇಳಿದ ಒಳ್ಳೆಯ ಮಾತು ಅದೊಂದೇ.

ಮಗ್ಗಕ್ಕೆ ಬಾರದ ಮಗಳನ್ನು ಸಾಲಿಗೆ ಕಳಿಸಲು ಯಾರಿಗೂ ಅಡ್ಡಿ ಇರಲಿಲ್ಲ. ಸಾಲಿ ಮುಗಿಸಿ ಬಾಗಲಕೋಟೆಗೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದಳು. ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಓಣಿಗಳಿಗೆ ಬರುತ್ತಿದ್ದ ವರ್ಷಗಳು ಅವು. ಅರ್ಧ ಊರು ನವನಗರಕ್ಕೆ ಸಾಮಾನು ಸಾಗಿಸುತ್ತಿತ್ತು. ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಸಾರು. ಅಲ್ಲಿ ಅವಳು ಮೊದಲ ಸಲ ಬಿಸಿ ರೊಟ್ಟಿ ಉಂಡಳು.

ಊರಿಗೆ ಮರಳಿದಾಗ ರಾಚಪ್ಪ ಸಾವಕಾರರು ನಕ್ಷೆ ಕೇಂದ್ರ ತೆರೆದಿದ್ದರು. ಶಿವಸಂಗಪ್ಪನ ಮಗ್ಗಕ್ಕೆ ನೂಲು ಕೊಡುವವರು, ನೇಯ್ದ ಸೀರೆ ಒಯ್ಯುವವರು ಅವರೇ. ಅವರ ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಸ್ಕ್ಯಾನರು. ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಿಂದ ಹೆಂಗಸರು ಅವ್ವಂದಿರ, ಅಜ್ಜಿಯರ ಸೀರೆ ತರುತ್ತಿದ್ದರು. ಕೇಂದ್ರದವರು ಸೀರೆಯ ಅಂಚಿನ ದಡಿ, ಸೆರಗುಗಳ ಚಿತ್ರ ತೆಗೆದು, ಚೌಕದ ಹಾಳೆಯ ನಕ್ಷೆ ಮಾಡಿ, ಬೇಕೆಂದವರಿಗೆ ಕೊಡುತ್ತಿದ್ದರು. ಸೀರೆ ಹರಿದದ್ದಾದರೆ ಹೆಂಗಸರು ಅದನ್ನು ಅಲ್ಲೇ ಹೊರಗೆ ಕೂತ ಭಾಂಡೆ ಮಾರುವವಳಿಗೆ ಕೊಟ್ಟು, ಒಂದು ಸ್ಟೀಲ್ ಡಬ್ಬಿ ಹಿಡಿದು ಹೊರಡುತ್ತಿದ್ದರು. ದಡಿ ಹೇಗೂ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಇತ್ತಲ್ಲ.

ಸಾವಕಾರರ ಮಗ ಸಂತೋಷಕುಮಾರ ಇಂಜಿನಿಯರಿಂಗ್ ಓದಿ ಬಂದಿದ್ದ. ಚೇತನಾಳನ್ನು ಕೆಲಸಕ್ಕೆ ತೆಗೆದುಕೊಂಡವನು ಅವನೇ. ಅವಳು ಕೆಲಸಕ್ಕೆ ಸೇರಿದ ವಾರವೇ ಮುತ್ತವ್ವ ಬುಟ್ಟಿಯ ಮೇಲಿನ ರೊಟ್ಟಿ ತೆಗೆದು ಅವಳ ತಾಟಿಗೆ ಹಾಕಿದಳು. "ಆಫೀಸಿಗಿ ಹೊತ್ತಾಕ್ಕೈತಿ, ಆಕೀಗಿ ಮೊದಲ ಕೊಡ" ಎಂದು ಶಿವಸಂಗಪ್ಪ ಹೇಳಿದ. ಚೇತನಾ ತಲೆ ಎತ್ತದೆ ಉಂಡಳು. ಆ ಕೆಲಸ ಹೋದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ಅವಳ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಕಂಪ್ಯೂಟರಿನಲ್ಲಿಟ್ಟ ಪ್ರತಿ ನಕ್ಷೆಗೂ ಒಂದು ವಿಳಾಸ ಇರುತ್ತದೆ: ಯಾವ ಡಿಸ್ಕು, ಯಾವ ಫೋಲ್ಡರು, ಅದರೊಳಗೆ ಯಾವ ಫೈಲು. ಅದಕ್ಕೆ ಪಾಥ್ ಎನ್ನುತ್ತಾರೆ. ಪ್ರೋಗ್ರಾಮು ನಡೆಯುವಾಗ ಆ ವಿಳಾಸವನ್ನು ತನ್ನ ನೆನಪಿನ ಒಂದು ಸಣ್ಣ ಖಾನೆಯಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಖಾನೆಯನ್ನು ಪ್ರೋಗ್ರಾಮಿನ ಹಲವು ಭಾಗಗಳು ಬಳಸುವುದರಿಂದ, ಎಷ್ಟು ಭಾಗಗಳು ಅದನ್ನು ಹಿಡಿದಿವೆ ಎಂಬ ಎಣಿಕೆಯೂ ಅದರ ಜೊತೆಗಿರುತ್ತದೆ. ಹಿಡಿದಾಗ ಒಂದು ಕೂಡಿಸಬೇಕು, ಬಿಟ್ಟಾಗ ಒಂದು ಕಳೆಯಬೇಕು. ಎಣಿಕೆ ಸೊನ್ನೆಯಾದ ಕೂಡಲೇ ಯಂತ್ರ ಆ ಖಾನೆಯನ್ನು ಬೇರೊಂದು ವಿಳಾಸಕ್ಕೆ ಕೊಟ್ಟುಬಿಡುತ್ತದೆ. ತಾನಿನ್ನೂ ಹಿಡಿದಿದ್ದೇನೆ ಎಂದು ನಂಬಿದವರಿಗೆ ಅದು ಗೊತ್ತಾಗುವುದಿಲ್ಲ.

ಫೈಲು ತೆರೆಯುವ, ಸಾಗಿಸುವ, ಅಳಿಸುವ ಫಂಕ್ಷನ್ನುಗಳನ್ನೆಲ್ಲ ಸಂತೋಷಕುಮಾರ ಮೊದಲೇ ಒಂದು ಲೈಬ್ರರಿಯಾಗಿ ಬರೆದಿಟ್ಟಿದ್ದ. ಅದರ ಮೇಲೆ ನಡೆಯುವ ಪ್ರೋಗ್ರಾಮು ಚೇತನಾಳದು. ಅವಳು ವಿಳಾಸದ ಖಾನೆಯನ್ನು ಅವನ ಫಂಕ್ಷನ್ನಿನ ಕೈಗೆ ಕೊಟ್ಟು, ಕೆಲಸ ಮಾಡಿಸಿಕೊಂಡು, ಮುಂದಕ್ಕೆ ಅದೇ ಖಾನೆಯನ್ನು ಬಳಸುತ್ತಿದ್ದಳು. ಕೊಟ್ಟದ್ದು ನೋಡಲಿಕ್ಕಷ್ಟೇ, ಹಿಡಿತ ನನ್ನದೇ ಎಂದು ಅವಳು ತಿಳಿದಿದ್ದಳು. ಹಿಡಿದ ಕೈಗೆ ತಿಳಿಸದೆ ಬಿಡಿಸುವವರನ್ನು ಅವಳು ತನ್ನ ಮನೆಯಲ್ಲಿ ಕಂಡಿರಲಿಲ್ಲ. ಸಂತೋಷಕುಮಾರ ಅಂಗಡಿಯಲ್ಲಿ ಬೆಳೆದವನು. ಅಲ್ಲಿ ಗಿರಾಕಿಯ ಕೈ ಸೀರೆಗೆ ತಾಗಿದೊಡನೆ ಮಾರುವವನು ತನ್ನ ಕೈ ಹಿಂದಕ್ಕೆ ತೆಗೆಯುತ್ತಾನೆ. ಆಮೇಲೆ ಅದು ನೆಲಕ್ಕೆ ಬಿದ್ದರೂ ಗಿರಾಕಿಯದು. ಅವನ ಫಂಕ್ಷನ್ನುಗಳೂ ಹಾಗೇ: ಕೈಗೆ ಬಂದ ಖಾನೆ ತಮ್ಮದು, ಕೆಲಸ ಮುಗಿದ ಮೇಲೆ ಒಂದು ಕಳೆದು ಬಿಟ್ಟುಬಿಡುವುದು. ಇದನ್ನು ಅವನು ಅವಳಿಗೆ ಹೇಳಲಿಲ್ಲ. ಹೇಳಬೇಕಾದ ಸಂಗತಿ ಎಂದೇ ಅವನಿಗೆ ಅನಿಸಿರಲಿಲ್ಲ. ಅವಳೂ ಕೇಳಲಿಲ್ಲ.

ಬಹಳ ದಿನ ಏನೂ ಆಗಲಿಲ್ಲ. ತೆರೆಯ ಮೇಲಿನ ನಕ್ಷೆಗಳ ಸಾಲೂ ಅದೇ ಖಾನೆಯನ್ನು ಹಿಡಿದಿರುತ್ತಿದ್ದುದರಿಂದ, ಎಣಿಕೆಯಲ್ಲಿ ಒಂದು ಕಡಿಮೆ ಬಿದ್ದರೂ ಅಳಿಸುವ ಹೊತ್ತಿಗೆ ಸೊನ್ನೆಯಾಗುತ್ತಿರಲಿಲ್ಲ. ಸಂಜೆ ಯಂತ್ರ ಆರಿಸಿದಾಗ ತಪ್ಪೂ ಅದರ ಜೊತೆ ಆರುತ್ತಿತ್ತು.

ಒಂದು ಮಧ್ಯಾಹ್ನ ಪವರ್‌ಲೂಮಿನ ಯಜಮಾನನೊಬ್ಬ ಅವಸರದಲ್ಲಿ ಬಂದ. ರಾಚಪ್ಪ ಬಾಗಿಲಲ್ಲಿ ನಿಂತು, "ಬ್ಯಾರೇದವರ ದಡಿ ತೆರದಿಡಬ್ಯಾಡವ್ವ, ಮುಚ್ಚು" ಎಂದರು. ಚೇತನಾ ನಕ್ಷೆಗಳ ಸಾಲನ್ನು ಮುಚ್ಚಿದಳು. ಆಮೇಲೆ ಅವನಿಗೆ ಬೇಕಾದ ನಕ್ಷೆಯನ್ನು ಫ್ಲಾಪಿಗೆ ಸಾಗಿಸಿ, ಎಂದಿನಂತೆ ಹಳೆಯ ಕರಡು ಅಳಿಸುವ ಗುಂಡಿ ಒತ್ತಿದಳು. ಮುಚ್ಚಿದ ನಕ್ಷೆಗಳ ಸಾಲು ತನ್ನ ಹಿಡಿತ ಬಿಟ್ಟಿತ್ತು. ಸಾಗಿಸಿದ ಫಂಕ್ಷನ್ನು ಅವಳ ಹಿಡಿತವನ್ನೂ ಬಿಡಿಸಿತ್ತು. ಸೊನ್ನೆಯಾದ ಖಾನೆಯಲ್ಲಿ ಅಷ್ಟರೊಳಗೆ ಬೇರೆ ವಿಳಾಸ ಬಂದು ಕೂತಿತ್ತು, ಎಲ್ಲ ನಕ್ಷೆಗಳೂ ಇದ್ದ ದೊಡ್ಡ ಫೋಲ್ಡರಿನದು. ಯಂತ್ರ ಒಂದು ಮಾತೂ ಕೇಳದೆ ಅದನ್ನು ಅಳಿಸಿತು. ಇನ್ನೊಂದು ಪ್ರತಿಯನ್ನು ಸಿಡಿಯಲ್ಲಿ ತೆಗೆದಿಡುವುದು ಸಂತೋಷಕುಮಾರನ ಕೆಲಸ. ಸಿಡಿ ಬರೆಯುವ ಯಂತ್ರ ಅವನ ಗೆಳೆಯನೊಬ್ಬನ ಮದುವೆ ವಿಡಿಯೋಕ್ಕೆಂದು ಹೋಗಿ ತಿಂಗಳುಗಳಾಗಿದ್ದವು.

ತಪ್ಪು ಎಲ್ಲಿದೆ ಎಂದು ಅವಳು ಮರುದಿನವೇ ಕಂಡುಹಿಡಿದಳು. ಸಂತೋಷಕುಮಾರನನ್ನು ಕೂಡಿಸಿಕೊಂಡು ತೋರಿಸಿದಳು. ಅವನು ಎರಡು ಸಲ ಓದಿ, "ಖರೆ ಐತಿ" ಎಂದ. "ನನ್ನ ಫಂಕ್ಷನ್ ಬಿಡತೈತಿ. ನೀ ಹಿಡಕೊಂಡೀನಿ ಅಂತ ತಿಳದಿ. ಇಬ್ಬರದೂ ಐತಿ ಬಿಡ."

ಅವತ್ತೇ ಸಂಜೆ, ನಕ್ಷೆ ಕಳೆದುಕೊಂಡವರು ಅಂಗಡಿಯಲ್ಲಿ ಸೇರಿದರು. ರಾಚಪ್ಪ ಗಾದಿಯ ಮೇಲೆ ಕೂತಿದ್ದರು. ಶಿವಸಂಗಪ್ಪನನ್ನೂ ಕರೆಸಿದ್ದರು. ಅವನು ಚಪ್ಪಲಿ ಬಿಟ್ಟಲ್ಲೇ ಬಾಗಿಲ ಬಳಿ ನಿಂತಿದ್ದ.

"ಹೇಳವ್ವ, ಕೈ ಬಿಟ್ಟದ್ದು ನೀನೋ, ನನ್ನ ಮಗನೋ?"

"ಇಬ್ಬರ ನಡುವೆ ಆಗೇತ್ರಿ ಸಾವಕಾರ್ರ. ಅವರು ನಮ್ಮ ಕೈಗೆ ಬಂತು ಅಂತ ತಿಳದ್ರು, ನಾ ಬರೇ ತೋರಿಸೀನಿ ಅಂತ ತಿಳದೆ."

"ನಡುವೆ ಅಂದ್ರ ಯಾರು? ಅವನ ಮನಿ ಎಲ್ಲೈತಿ?" ರಾಚಪ್ಪ ಎಲ್ಲರ ಕಡೆ ನೋಡಿದರು. ಒಂದಿಬ್ಬರು ನಕ್ಕರು.

ಚೇತನಾ ಸಂತೋಷಕುಮಾರನ ಕಡೆ ನೋಡಿದಳು. ಅವನು ಗೋಡೆಗೆ ಒರಗಿಸಿದ್ದ ಸೀರೆಗಳ ಕಟ್ಟನ್ನು ಸರಿಮಾಡುತ್ತಿದ್ದ. "ಅಪ್ಪಾ, ಲೈಬ್ರರಿ ನಂದು ಸರಿ ಐತಿ. ಅಳಿಸು ಅಂತ ಒತ್ತಿದಾಕಿ ಆಕಿನ" ಎಂದ. ದನಿ ಮೃದುವಾಗಿತ್ತು.

"ಅಲ್ಲೋ ಶಿವಸಂಗಪ್ಪ" ಎಂದ ಮುದಕಪ್ಪ ಎಂಬ ಹಿರಿಯ ನೇಕಾರ, "ಕಾಲಿಗಿ ಬಡದದ್ದು ಈಗ ಕೈಗೂ ಬಡೀತೇನ ನಿನ್ನ ಮಗಳಿಗಿ?"

ಅಂಗಡಿ ತುಂಬ ನಗು ಎದ್ದಿತು. ಶಿವಸಂಗಪ್ಪನೂ ನಕ್ಕ. ನೂಲು ಕೊಡುವವರ ಗಾದಿಯ ಮುಂದೆ ಅವನು ಬೇರೇನೂ ಮಾಡಲಾರನೆಂದು ಚೇತನಾಳಿಗೆ ಗೊತ್ತಿತ್ತು. ಆದರೂ ಆ ನಗು ಮುಗಿಯುವ ತನಕ ಅವಳು ಅಪ್ಪನ ಬಾಯಿಯನ್ನೇ ನೋಡಿದಳು.

"ತಪ್ಪು ಆಕೀದರಿ ಸಾವಕಾರ್ರ" ಎಂದ ಶಿವಸಂಗಪ್ಪ. "ಮನ್ಯಾಗ ಕುಂತಿರಾಕೀನ ಹೊರಗ ಕಳಿಸಿದ್ದು ನಂದು ತಪ್ಪು."

ಮನೆಗೆ ಬಂದ ಮೇಲೆ ಮುತ್ತವ್ವ ಬೈಯಲಿಲ್ಲ. ಗಂಡನಿಗೆ ಬಡಿಸಿದಳು, ಶ್ರುತಿಗೆ ಬಡಿಸಿದಳು, ತಾನು ಉಂಡಳು. ಆಮೇಲೆ ಬುಟ್ಟಿಯನ್ನು ಚೇತನಾಳ ಕಡೆ ಸರಿಸಿದಳು.

ಕೆಲವು ದಿನಗಳಾದ ಮೇಲೆ ಸಂತೋಷಕುಮಾರ ಅಂಗಡಿಯ ಆಳನ್ನು ಕಳಿಸಿ ಅವಳನ್ನು ಕರೆಸಿದ. ಹೆಂಗಸರ ಬಳಿ ಇನ್ನೂ ಉಳಿದಿದ್ದ ಸೀರೆಗಳ ಚಿತ್ರವನ್ನು ಮತ್ತೆ ತೆಗೆಸುತ್ತಿದ್ದರು. ಪ್ರೋಗ್ರಾಮು ಸರಿಯಾಗದೆ ಅದನ್ನು ನಡೆಸಲು ಅವನಿಗೆ ಧೈರ್ಯವಿರಲಿಲ್ಲ. ಎಲ್ಲೆಲ್ಲಿ ಯಾರು ಹಿಡಿದು ಯಾರು ಬಿಡುತ್ತಾರೆ ಎಂದು ಹುಡುಕುವ ತಾಳ್ಮೆಯೂ ಇರಲಿಲ್ಲ.

"ನೀ ಎಲ್ಲಾ ಸರಿ ಮಾಡು. ಮುಗದ ಮ್ಯಾಲ ಅಪ್ಪಗ ನಾ ಹೇಳ್ತೇನಿ."

"ಏನಂತ ಹೇಳ್ತೀರಿ ಸಂತೋಷಣ್ಣಾರ?"

"ಇದ್ದದ್ದನ್ನ ಹೇಳ್ತೇನಿ."

ಅವಳು ನಂಬಿದಳು. ನಂಬದಿದ್ದರೆ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತ ಮನೆಯಲ್ಲಿ ಕೂರಬೇಕಿತ್ತು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ವಿಳಾಸವನ್ನು ಲೈಬ್ರರಿಯ ಯಾವುದೇ ಫಂಕ್ಷನ್ನಿಗೆ ಕೊಡುವ ಮೊದಲು ತನ್ನದೊಂದು ಹಿಡಿತ ಬೇರೆ ಕೂಡಿಸಿದಳು. ಆ ಫಂಕ್ಷನ್ನು ತನ್ನ ಪಾಲಿನದನ್ನು ಬಿಟ್ಟರೂ ಇವಳದು ಉಳಿಯುವಂತೆ. ತನ್ನ ಕೆಲಸವೆಲ್ಲ ಮುಗಿದ ಮೇಲಷ್ಟೇ, ಒಂದೇ ಸಲ, ತಾನು ಬಿಟ್ಟಳು. ಫೈಲು ಸಿಗದೆ ಕೆಲಸ ನಡುವೆ ನಿಂತುಹೋಗುವ ದಾರಿಗಳಲ್ಲೂ ಹಾಗೇ ಮಾಡಿದಳು. ಪ್ರತಿ ಫಂಕ್ಷನ್ನಿನ ನೆತ್ತಿಯ ಮೇಲೆ, ಇದು ತೆಗೆದುಕೊಳ್ಳುತ್ತದೆಯೋ ಬರಿ ನೋಡುತ್ತದೆಯೋ ಎಂದು ಬರೆದಳು. ಆ ದಿನಗಳಲ್ಲಿ ಅವಳ ಮುಖ ಒಂದು ಹದಕ್ಕೆ ಬಂದಿತ್ತು. ಊರುಗೋಲು ಗೋಡೆಗೆ ಆನಿಸಿ, ಚಹಾ ಆರಿದ್ದೂ ತಿಳಿಯದೆ ಕೂತಿರುತ್ತಿದ್ದಳು.

ಸಂತೋಷಕುಮಾರನ ಸೋದರತ್ತೆಯ ಮಗಳೊಬ್ಬಳು ದಿನಾ ಬಂದು ಪಕ್ಕದಲ್ಲಿ ಕೂತು ಸ್ಕ್ಯಾನರ್ ನಡೆಸುವುದನ್ನು ಕಲಿಯುತ್ತಿದ್ದಳು. ಕೆಲಸ ಮುಗಿಯಲು ಬಂದ ಒಂದು ಮಧ್ಯಾಹ್ನ, ಅಂಗಡಿ ಮತ್ತು ಕೋಣೆಯ ನಡುವಿನ ಪರದೆಯ ಆಚೆ ಆ ಹುಡುಗಿ ಕೇಳಿದಳು: "ಮಾಮಾ, ಆಕಿ ಇನ್ನೂ ಎಷ್ಟ್ ದಿನಾ ಬರ್ತಾಳ?"

"ಇದೊಂದು ಮುಗೀಲಿ. ಆಮ್ಯಾಲ ನೀನ ನಡಸಾಕಿ" ಎಂದ ಸಂತೋಷಕುಮಾರ. "ಇನ್ನೊಮ್ಮೆ ಕೆಟ್ಟರ ನೋಡೂಣು, ಕರಸಿದ್ರಾತು."

ಪರದೆಯ ಈಚೆ ಚೇತನಾ ಕಡೆಯ ಜಾಗಕ್ಕೆ ಬಂದಿದ್ದಳು. ಯಾರಾದರೂ ತಮ್ಮ ದಡಿಯನ್ನು ವಾಪಸ್ ಕೇಳಿದರೆ ಅದನ್ನು ಹೊರತೆಗೆದುಕೊಡುವ ಭಾಗ ಅದು. ಹಿಡಿತ ಕೂಡಿಸುವ ಸಾಲನ್ನು ಬರೆದೂ ಆಗಿತ್ತು. ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ಆ ಸಾಲನ್ನು ಅಳಿಸಿದಳು.

ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾವುದೋ ಹಳ್ಳಿಯ ಯಾರೋ ಹೆಂಗಸು ಬಂದು ತನ್ನ ದಡಿ ಕೇಳುತ್ತಾಳೆ. ಅವಳದೂ ಹೋಗುತ್ತದೆ, ಅದರ ಜೊತೆ ಇನ್ನಷ್ಟು ಮಂದಿಯದೂ ಹೋಗುತ್ತದೆ. ಆಗ ಇವರು ಓಣಿಗೆ ಆಳು ಕಳಿಸುತ್ತಾರೆ. ಆಗ ನಾನು ಕೇಳಿದ್ದನ್ನು ಕೊಡಲೇಬೇಕಾಗುತ್ತದೆ.

ಎದ್ದು, ಪರದೆ ಸರಿಸಿ, "ಮುಗೀತ್ರಿ ಸಂತೋಷಣ್ಣಾರ" ಎಂದಳು.

"ಅಪ್ಪಗ ಹೇಳ್ತೇನಿ" ಎಂದ ಅವನು.

ಅದಾದ ಮೇಲೆ ಅವಳು ಮನೆಯಲ್ಲಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಿದಳು, ಅಪ್ಪನಿಗೂ ತಂಗಿಗೂ. ಓಣಿಯಲ್ಲಿ ಸೈಕಲ್ಲು ನಿಂತ ಸಪ್ಪಳವಾದರೆ ರಾಟೆ ನಿಲ್ಲುತ್ತಿತ್ತು.

"ಯಾರ್ ಬರ್ತಾರ ಅಂತ ನೋಡ್ತಿ? ಬೀಗರೇನು?" ಎಂದು ಮುತ್ತವ್ವ ಕೇಳುತ್ತಿದ್ದಳು. ಮಗ್ಗದ ಮೇಲಿಂದ ಶ್ರುತಿ ನಗುತ್ತಿದ್ದಳು. ಮಳೆಗಾಲ ಕಳೆಯಿತು. ಜೋಳ ರಾಶಿಯಾಗಿ ಮನೆಗೆ ಬಂತು. ಕೇಂದ್ರದಿಂದ ಯಾರೂ ಬರಲಿಲ್ಲ. ಕೆಟ್ಟಿಲ್ಲ ಎಂದರೆ ಇನ್ನೂ ಯಾರೂ ತಮ್ಮ ದಡಿ ಕೇಳಿಲ್ಲ ಎಂದು ಅವಳು ತಿಳಿದಳು. ಕೆಲವು ದಿನ, ಯಾರಾದರೂ ಬೇಗ ಕೇಳಲಿ ಎಂದು ಬಯಸುತ್ತಿದ್ದಳು. ಹಾಗೆ ಬಯಸಿದ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಹುನಗುಂದದ ಬಳೆ ಮಾರುವ ಲಾಡಬಿ ಬಂದಳು. ಓಣಿಗೆಲ್ಲ ಬೇಕಾದ ಮುದುಕಿ. ಬುಟ್ಟಿ ಇಳಿಸಿ, ನೀರು ಕುಡಿದು, ಶ್ರುತಿಯ ಕೈ ಹಿಡಿದು ಅಳತೆ ನೋಡುತ್ತ ಮುತ್ತವ್ವನಿಗೆ ಹೇಳಿದಳು:

"ಮೊಮ್ಮಗಳ ಲಗ್ನ ಐತವಾ. ನಮ್ಮವ್ವನ ಸೀರಿ ಇತ್ತಲ್ಲ, ಅದ ದಡೀದು ಒಂದು ನೇಯಿಸಬೇಕಂತ ಮಾಡೀನಿ. ಸಾವಕಾರರ ಪೆಟಿಗ್ಯಾಗ ಇಟ್ಟಿದ್ದೆ. ಮೊನ್ನಿ ಹೋಗಿ ಕೇಳಿದ್ನಿ. ಬರೂ ವಾರ ಬಾ, ತಗದ ಕೊಡ್ತೇವಿ ಅಂದ್ರು."

ರಾಟೆ ನಿಂತಿತು.

"ಸೀರಿ ಎಲ್ಲೈತಿ ಅಜ್ಜಿ?" ಎಂದು ಕೇಳಿದಳು ಚೇತನಾ.

"ಎಲ್ಲಾ ಹರದಿತ್ತು ಮಗಳ. ಎರಡನೇ ಸಲ ಚಿತ್ರ ತಗದ ಮ್ಯಾಲ ಭಾಂಡೇದಾಕೀಗಿ ಕೊಟ್ಟೆ. ಆ ಡಬ್ಬ್ಯಾಗ ಈಗ ಸಕ್ಕರಿ ಹಾಕೀನಿ. ಪೆಟಿಗ್ಯಾಗ ಐತಲ್ಲ ದಡಿ, ಸೀರಿ ಹೋದ್ರ ಹೋಗಲಿ."

ಚೇತನಾ ಊರುಗೋಲು ತೆಗೆದುಕೊಂಡಳು. ಮುತ್ತವ್ವ "ಎಲ್ಲಿಗೇ?" ಎನ್ನುವಷ್ಟರಲ್ಲಿ ಹೊಸ್ತಿಲು ದಾಟಿದ್ದಳು. ಬಿಸಿಲು ಆಗಲೇ ಕಾದಿತ್ತು. ಒಂದು ಸಾಲು. ಅದೊಂದು ಸಾಲು ಸೇರಿಸಿದರೆ ಸಾಕು. ಆಮೇಲೆ ಅವರು ಎಂದೂ ಕರೆಸದಿದ್ದರೂ ಸರಿ. ಬಜಾರಿನ ಇಳಿಜಾರಿನಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಂಪು ಗ್ರಾನೈಟಿನ ಹೊಳಪು ಕೊಟ್ಟ ತುಂಡುಗಳನ್ನು ಗೋಡೆಗುಂಟ ನಿಲ್ಲಿಸಿದ್ದರು. ಸಂತೋಷಕುಮಾರ ಒಬ್ಬ ವ್ಯಾಪಾರಿಗೆ ಅವನ್ನು ತೋರಿಸುತ್ತಿದ್ದ. ಅವಳನ್ನು ಕಂಡು ಹಿಗ್ಗಿದ.

"ಬಾ ಚೇತನಾ. ಭಾಳ ದಿನಾ ಆತು. ಅಪ್ಪ ಆರಾಮದಾರ?"

"ಪ್ರೋಗ್ರಾಂ ನೋಡಬೇಕಿತ್ರಿ. ಒಂದು ಚೂರು ಉಳದಿತ್ತು."

"ಯಾವ ಪ್ರೋಗ್ರಾಂ?"

ಅವಳು ಮೊದಲು ಕಂಪ್ಯೂಟರ್ ಇದ್ದ ಮೂಲೆಯ ಕಡೆ ನೋಡಿದಳು. ಅವನಿಗೆ ನೆನಪಾಯಿತು.

"ಓ, ಅದಾ. ಅದೆಲ್ಲಿ ಈಗ? ಪವರ್‌ಲೂಮಿನವರು ಸೂರತ್ತಿಂದ ಹೊಸಾ ನಕ್ಷೆ ಸಿಡಿ ತರಸ್ತಾರ, ನಮ್ಮ ಹಳೇ ದಡಿ ಯಾರಿಗೆ ಬೇಕು? ಕಂಪ್ಯೂಟರ್ ನಮ್ಮ ಕಲ್ಲಿನ ಪಾಲಿಶ್ ಘಟಕಕ್ಕ ಒಯ್ದೇವಿ, ಬಿಲ್ ಮಾಡಾಕ. ಜಾಗ ಸಾಲಲಿಲ್ಲ, ಎಲ್ಲಾ ಒರಸಿ ಹೊಸದಾಗಿ ಹಾಕಿಸಿದ್ನಿ."

"ಯಾವಾಗ್ರಿ?"

"ನೀ ಹೋದ ಮ್ಯಾಲ ಒಂದು ತಿಂಗಳೂ ಆಗಿರಲಿಲ್ಲ ಕಾಣಸ್ತದ." ಅವನು ವ್ಯಾಪಾರಿಯ ಕಡೆ ತಿರುಗಿದ. "ಈಕಿ ಭಾಳ ಹುಷಾರ್ ಹುಡುಗಿ ನೋಡ್ರಿ. ಈಕಿ ಸರಿ ಮಾಡಿಕೊಟ್ಟ ಮ್ಯಾಲ ಪ್ರೋಗ್ರಾಂ ಒಮ್ಮೇನೂ ಕೈ ಕೊಡಲಿಲ್ಲ."

ವ್ಯಾಪಾರಿ ತಲೆಯಾಡಿಸಿ ಅವಳ ಕಾಲು ನೋಡಿದ.

"ಲಾಡಬಿ ಅಜ್ಜಿಗೆ ಬರೂ ವಾರ ಕೊಡ್ತೇವಿ ಅಂದೀರಂತ."

"ಏನ್ ಮಾಡೂದು, ಮುದುಕಿ. ಇಲ್ಲಂದ್ರ ಇಲ್ಲೇ ಕುಂತು ಅಳತಿದ್ಲು. ನಾಕ ಸಲ ತಿರಗಿದ್ರ ತಾನ ಬಿಡ್ತಾಳ."

ಅವಳು ಹೊರಡಬೇಕಿತ್ತು. ಹೊರಡಲಿಲ್ಲ. ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ತಗ್ಗಿದ ದನಿಯಲ್ಲಿ ಕೇಳಿದಳು: "ಅಲ್ಲೆ ಬಿಲ್ ಮಾಡಾಕ ಯಾರರ ಬೇಕೇನ್ರಿ?"

ಸಂತೋಷಕುಮಾರ ನಿಜಕ್ಕೂ ವಿಚಾರ ಮಾಡಿದ. ಅವನು ಕೆಟ್ಟವನಲ್ಲ. "ಬೇಕಾಗೇತಿ. ಆದ್ರ ಅದು ಕಲ್ಲಿನ ಜಾಗ ಚೇತನಾ. ಹಾದ್ಯಾಗೆಲ್ಲಾ ಕಲ್ಲು, ರಾಡಿ. ನಿನಗ ಆಗೂದಿಲ್ಲ. ಚಹಾ ಕುಡದು ಹೋಗು."

ಅವಳು ಚಹಾ ಕುಡಿದಳು. ಅಷ್ಟು ದೂರ ನಡೆದು ಬಂದು ಬಾಯಿ ಒಣಗಿತ್ತು.

ಮನೆಗೆ ಬಂದಾಗ ಲಾಡಬಿ ಇನ್ನೂ ಕೂತಿದ್ದಳು. ಶ್ರುತಿಯ ಒಂದು ಕೈ ತುಂಬಿತ್ತು, ಇನ್ನೊಂದು ಕೈ ಮುದುಕಿಯ ಮುಷ್ಟಿಯಲ್ಲಿತ್ತು. ಚೇತನಾ ಎಲ್ಲಿಗೆ ಹೋಗಿದ್ದಳೆಂದು ಅಷ್ಟರಲ್ಲಿ ಅವರು ಊಹಿಸಿದ್ದರು.

"ಐತೇನ ಮಗಳ?"

ಬರುವ ವಾರ ಎಂದು ಹೇಳಬಹುದಿತ್ತು. ಹಾದಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಿದ್ದಳು.

"ಇಲ್ಲಜ್ಜಿ. ಎಲ್ಲಾ ಒರಸ್ಯಾರ. ಹ್ವಾದ ವರ್ಷನ."

ಲಾಡಬಿ ಬಳೆ ಏರಿಸುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ. ಶ್ರುತಿಯ ಹೆಬ್ಬೆರಳ ಬುಡವನ್ನು ಒತ್ತಿ, ಒಂದು ಬಳೆ ಒಳಗೆ ಹಾಕಿದಳು. "ಒಡಲು ಕಡುಗೆಂಪು" ಎಂದಳು. "ದಡ್ಯಾಗ ಏನೋ ಹಳದಿ ಇತ್ತು. ಹೂವೋ, ತೇರೋ. ಸಣ್ಣಾಕಿ ಇದ್ದಾಗ ಅದರ ಮ್ಯಾಲ ಬೆರಳ ಆಡಿಸಿಕೋತ ಮಲಗತಿದ್ನಿ." ಕಣ್ಣು ಮುಚ್ಚಿ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

ಶ್ರುತಿ ಕೈ ಎಳೆದುಕೊಂಡು, "ನೋಯತೈತಿ ಅಜ್ಜಿ" ಎಂದಳು.

"ಮಾತು ಸಾಕು" ಎಂದಳು ಮುತ್ತವ್ವ ಗಂಡನ ಮಗ್ಗದ ಕಡೆ ಕೈ ತೋರಿಸಿ. "ಕಂಡಿಕಿ ಮುಗದಾವ, ಅಪ್ಪ ಕೈ ಕಟ್ಟಿಕೊಂಡು ಕುಂತಾನ. ಕಾಲಿಲ್ಲದಾಕೀಗಿ ಊರೆಲ್ಲಾ ತಿರಗೂ ಕೆಲಸ."

ಚೇತನಾ ಗೋಡೆ ಹಿಡಿದು ಕೆಳಗೆ ಕೂತಳು. ಶಿವಸಂಗಪ್ಪ ಖಾಲಿ ಲಾಳಿಯನ್ನು ಅವಳ ಕಡೆ ಚಾಚಿದ.